ಎಫ್‌ರ್ಯಾಮ್ ಬೋರ್ಡ್ ರಿವ್ಯೂ: ನಾಪೋಕ್ಲು ಮಳೇಲಿ ಡೇಟಾ ಉಳೀತಾ?

ಮೊದ್ಲೇ ಹೇಳ್ಬಿಡ್ತೀನಿ. ತೋಟದಲ್ಲಿ ಮಳೆ ಅಳೆಯೋಕೆ ಸ್ವಂತ ಲಾಗರ್ (ಅಳತೆ ತಾನೇ ಬರೆದಿಡೋ ಡಬ್ಬಿ) ಕಟ್ಕೊಳ್ತಿರೋರು ಮೆಮೊರಿಗೆ ಎಸ್‌ಡಿ ಕಾರ್ಡ್ ಹಾಕೋ ಬದ್ಲು ಈ ಎಫ್‌ರ್ಯಾಮ್ ಬೋರ್ಡ್ ತಗೊಳ್ಳಿ, ಎಫ್‌ರ್ಯಾಮ್ ಅಂದ್ರೆ ಕರೆಂಟ್ ಹೋದ್ರೂ ಬರೆದಿದ್ದು ಅಳಿಸದ ಒಂದು ಥರದ ಮೆಮೊರಿ ಚಿಪ್. ದುಡ್ಡು ಸ್ವಲ್ಪ ಜಾಸ್ತಿ ಅನ್ಸತ್ತೆ, ಜಾಗ ತೀರಾ ಕಮ್ಮಿ ಅನ್ಸತ್ತೆ, ಆದ್ರೂ ತಗೊಳ್ಳಿ. ನಾನು ಹೇಳ್ತಿರೋದು ಫುಜಿತ್ಸು ಕಂಪ್ನಿಯ ಎಂಬಿ85ಆರ್‌ಸಿ256ವಿ ಅನ್ನೋ ಚಿಪ್ ಕೂರಿಸಿರೋ ಚಿಕ್ಕ ನೀಲಿ ಬೋರ್ಡ್ ಬಗ್ಗೆ. ಕೆಪಾಸಿಟಿ 32 ಕಿಲೋಬೈಟ್. ಹೌದು ಕಿಲೋಬೈಟೇ, ಟೈಪಿಂಗ್ ಮಿಸ್ಟೇಕ್ ಅಲ್ಲ. 64 ಜಿಬಿ ಕಾರ್ಡ್ ಬರೋ ದುಡ್ಡಲ್ಲಿ 32 ಕೆಬಿ ಯಾವನ್ ತಗೊಳ್ತಾನೆ ಅಂತ ಕೇಳೋರಿಗೋಸ್ಕರಾನೇ ಇಷ್ಟುದ್ದ ಬರೀತಿದ್ದೀನಿ, ಪುರುಸೊತ್ತಿದ್ರೆ ಓದಿ.

ನಮ್ ತೋಟ ಇರೋದು ನಾಪೋಕ್ಲು ಭಾಗಮಂಡಲ ಮಧ್ಯೆ. ರೊಬಸ್ಟಾ ಕಾಫಿ, ಮಧ್ಯ ಮಧ್ಯ ಮೆಣಸಿನ ಬಳ್ಳಿ. ಹೊರಗಿನೋರಿಗೆ ಒಂದು ವಿಷ್ಯ ಹೇಳ್ಬೇಕು, ಕೊಡಗಲ್ಲಿ ಪ್ಲಾಂಟರ್ ಮನೆ ಅಂದ್ರೆ ಅಲ್ಲೊಂದು ಮಳೆ ಪುಸ್ತಕ ಇದ್ದೇ ಇರತ್ತೆ. ಮಿಲಿಮೀಟರ್ ಎಲ್ಲ ಪೇಪರ್‌ನೋರಿಗೆ, ನಮ್ದು ಇಂಚು ಸೆಂಟು, ನೂರು ಸೆಂಟಿಗೆ ಒಂದಿಂಚು. ಫೆಬ್ರವರಿ ಮಾರ್ಚಲ್ಲಿ ಒಂದು ಮೋಡ ಗುಡುಗಿದ್ರೆ ಸಾಕು, ಫೋನ್ ಶುರು, "ನಿಮ್ಗೆಷ್ಟಾಯ್ತು ಮಾವ?" "ಎಂಬತ್ತು ಸೆಂಟ್ ಕಣೋ, ನಿಮ್ ಕಡೆ?" "ನಮ್ಗೆ ಬರೀ ಮೂವತ್ತು, ಸ್ಪ್ರಿಂಕ್ಲರ್ ಬಿಡ್ಲೇಬೇಕು." ರೊಬಸ್ಟಾಕ್ಕೆ ಹೂಮಳೆ ಹೆಚ್ಚು ಕಮ್ಮಿ ಒಂದಿಂಚು ಸಿಗ್ಬೇಕು, ಅರ್ಧಂಬರ್ಧ ಬಿದ್ರೆ ಮೊಗ್ಗು ಅರಳೋದೂ ಅರ್ಧಂಬರ್ಧ, ಹಾಗಾಗಿ ಸೆಂಟ್ ಲೆಕ್ಕಾನೇ ಆ ವರ್ಷದ ಫಸಲಿನ ಲೆಕ್ಕ.

ಅಪ್ಪ ದಿನಾ ಬೆಳಿಗ್ಗೆ ಗ್ಲಾಸ್ ಅಳತೇಲಿ ನೋಡಿ ಬರೀತಾರೆ. ತುಂಬಾ ಶಿಸ್ತು, ಜ್ವರ ಬಂದ್ರೂ ಬಿಡಲ್ಲ. ಆದ್ರೆ ಅದ್ರಲ್ಲಿ ಸಿಗೋದು 24 ಗಂಟೆಗೆ ಒಟ್ಟು ಎಷ್ಟು ಅಂತ ಮಾತ್ರ. ಎಂಟಿಂಚು ಬಿತ್ತು ಅಂದ್ರೆ ಅದು ರಾತ್ರಿಯೆಲ್ಲಾ ಜಿಟಿಜಿಟಿ ಅಂತ ಬಿದ್ದಿದ್ದಾ, ಇಲ್ಲ ಬೆಳಗಿನ ಜಾವ ಎರಡು ಗಂಟೆಯಿಂದ ನಾಲ್ಕರ ಮಧ್ಯೆ ಸುರಿದಿದ್ದಾ ಅಂತ ಪುಸ್ತಕ ನೋಡಿ ಹೇಳಕ್ಕಾಗಲ್ಲ. ಮೊದ್ಲು ಅದು ಯಾರಿಗೂ ಬೇಕಾಗಿರ್ಲಿಲ್ಲ. 2018ರ ಆಗಸ್ಟಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಕ್ಕೆ ಗುಡ್ಡಾನೇ ಜಾರಿ ಬಂದ್ಮೇಲೆ, ಮರುವರ್ಷ ತೋರ, 2020ರಲ್ಲಿ ತಲಕಾವೇರಿ ಆದ್ಮೇಲೆ, ಇಳಿಜಾರಲ್ಲಿ ಲೈನ್ ಮನೆ (ಕೆಲಸಗಾರರ ಸಾಲು ಮನೆ) ಇರೋ ಎಲ್ರಿಗೂ ಗಂಟೆ ಲೆಕ್ಕದ ಮಳೆ ಬೇಕು. ಸರ್ಕಾರದ ಮಳೆ ಮಾಪಕ ಪಂಚಾಯ್ತಿ ಮಟ್ಟದಲ್ಲಿ ಇದೆ, ಇಲ್ಲ ಅಂತಲ್ಲ, ಆದ್ರೆ ಇಲ್ಲಿ ಒಂದು ಬೆಟ್ಟದ ಆಚೆ ಈಚೆಗೇ ಎರಡಿಂಚು ವ್ಯತ್ಯಾಸ ಬರೋ ಊರು, ನಮ್ ಬಾಣೆ (ತೋಟದ ಗುಡ್ಡ) ಮೇಲೆ ಬಿದ್ದಿದ್ದು ನಮ್ಗೆ ಗೊತ್ತಾಗ್ಬೇಕು.

ಅದಕ್ಕೆ ಟಿಪ್ಪಿಂಗ್ ಬಕೆಟ್. ಒಳಗೆ ಎರಡು ಚಿಕ್ಕ ಪ್ಲಾಸ್ಟಿಕ್ ಬೋಗುಣಿ, ಏತದ ಥರ ಆ ಕಡೆ ಈ ಕಡೆ ವಾಲತ್ತೆ, ಒಂದು ವಾಲಿಗೆ 0.2 ಮಿ.ಮೀ ಮಳೆ. ವಾಲಿದಾಗ ಮ್ಯಾಗ್ನೆಟ್ ಒಂದು ರೀಡ್ ಸ್ವಿಚ್ ಮುಂದೆ ಹಾದು ಹೋಗತ್ತೆ, ಟಿಕ್ ಅಂತ ಒಂದು ಪಲ್ಸ್. 25.4 ಮಿ.ಮೀ ಒಂದಿಂಚು, ಅಂದ್ರೆ 127 ಟಿಕ್‌ಗೆ ಒಂದಿಂಚು. ನೂರಿಂಚಿಗೆ 12,700 ಟಿಕ್. ಇಷ್ಟನ್ನ ಎಣಿಸಿ ಟೈಮ್ ಸಮೇತ ಬರೆದಿಟ್ಕೊಳ್ಳೋದು ಕಂಪ್ಯೂಟರಿಗೆ ಏನು ದೊಡ್ಡ ವಿಷ್ಯ ಅನ್ಸತ್ತೆ ಅಲ್ವಾ. ಎಣಿಸೋದು ದೊಡ್ಡದಲ್ಲ. ಎಣಿಸಿದ್ದನ್ನ ಉಳಿಸ್ಕೊಳ್ಳೋದೇ ದೊಡ್ಡದು.

ಇದಕ್ಕೆ ಮೊದ್ಲು ರೆಡಿಮೇಡ್ ವೆದರ್ ಸ್ಟೇಷನ್ ಒಂದನ್ನ ತರಿಸಿದ್ದೆ, ಕಂಪ್ನಿ ಹೆಸ್ರು ಬೇಡ. ನೋಡೋಕೆ ಭಾರಿ ಚೆನ್ನಾಗಿತ್ತು, ಸೋಲಾರ್ ಪ್ಯಾನೆಲ್, ಎಸ್‌ಡಿ ಕಾರ್ಡ್, ಒಂದು ಡಿಸ್‌ಪ್ಲೇ. ಬೇಸಿಗೇಲಿ ಹೂಮಳೆ ಎಲ್ಲಾ ಕರೆಕ್ಟಾಗಿ ಬರ್ಕೊಂಡಿತ್ತು. ಕಕ್ಕಡ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಬಂತು, ನಿಮ್ಗೇ ಗೊತ್ತಲ್ಲ, ಜೂನ್ ಕೊನೆಯಿಂದ ಆಗಸ್ಟ್‌ವರೆಗೂ ನಮ್ ಕಡೆ ಸೂರ್ಯ ಕಂಡ್ರೆ ಅದೇ ಸುದ್ದಿ, ಕರೆಂಟ್ ಹೋದ್ರೆ ಮರ ಬಿದ್ದ ಲೆಕ್ಕ, ವಾರ ಆದ್ರೂ ಬರಲ್ಲ. ಬ್ಯಾಟರಿ ಇಳೀತಾ ಇಳೀತಾ ಬಂತು. ಎಸ್‌ಡಿ ಕಾರ್ಡ್ ಬರೆಯೋ ಹೊತ್ತಿಗೆ ಹತ್ತಾರು ಮಿಲಿ ಆಂಪ್ ಎಳೀತದೆ, ಇಳಿದಿರೋ ಬ್ಯಾಟರಿ ಮೇಲೆ ಆ ಎಳೆತ ಬಿದ್ದ ತಕ್ಷಣ ವೋಲ್ಟೇಜ್ ಕುಸಿಯತ್ತೆ, ಕಂಟ್ರೋಲರ್ (ಲಾಗರ್ ಓಡಿಸೋ ಪುಟ್ಟ ಕಂಪ್ಯೂಟರ್ ಚಿಪ್) ರೀಸೆಟ್ ಆಗತ್ತೆ, ಬರೀತಿದ್ದ ಫೈಲ್ ಅರ್ಧಕ್ಕೆ ನಿಲ್ಲತ್ತೆ, ಫೈಲ್ ಟೇಬಲ್ ಕೆಡತ್ತೆ, ಮತ್ತೆ ಆನ್ ಆಗತ್ತೆ, ಮತ್ತೆ ಬರೆಯೋಕೆ ಹೋಗತ್ತೆ, ಮತ್ತೆ ಕುಸಿಯತ್ತೆ. ಮಳೆ ಬಿಟ್ಮೇಲೆ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದ್ರೆ "ಫಾರ್ಮ್ಯಾಟ್ ಮಾಡ್ಲಾ" ಅಂತ ಕೇಳ್ತು. ಯಾವ ರಾತ್ರಿಗಳ ಲೆಕ್ಕ ಬೇಕಿತ್ತೋ ಅದೇ ಹೋಗಿತ್ತು. ಕಸ್ಟಮರ್ ಕೇರಿಗೆ ಮಾಡಿದ್ರೆ ಕಾರ್ಡ್ ಬದಲಾಯಿಸಿ ಸರ್ ಅಂದ್ರು, ಕಾರ್ಡ್ ಬದಲಾಯಿಸಿದ್ರೆ ಹೋದ ಮಳೆ ವಾಪಸ್ ಬರತ್ತಾ. ಅಪ್ಪ ಪುಸ್ತಕ ಮುಚ್ಚಿ ನಕ್ಕಿದ್ದು ಇನ್ನೂ ಕಣ್ಮುಂದೆ ಇದೆ.

ಹಾಗಾಗಿ ಅದ್ರ ಬಕೆಟ್ ಮಾತ್ರ ಉಳಿಸ್ಕೊಂಡು ಒಳಗಿನ ಬೋರ್ಡ್ ಕಿತ್ತಾಕಿ ನಾನೇ ಕಟ್ಟಿದೆ. ಕಂಟ್ರೋಲರಿಗೆ 3.3 ವೋಲ್ಟಿನ ಆರ್ಡುಯಿನೊ ಪ್ರೋ ಮಿನಿ, ಗಡಿಯಾರಕ್ಕೆ ಡಿಎಸ್3231 ಮಾಡ್ಯೂಲ್, ಒಂದು 18650 ಲಿಥಿಯಂ ಸೆಲ್ಲು, ಮೆಮೊರಿಗೆ ಈ ಎಫ್‌ರ್ಯಾಮ್.

ಡಿಎಸ್3231 ಮಾಡ್ಯೂಲಲ್ಲಿ ಫ್ರೀಯಾಗಿ 4 ಕೆಬಿ ಇಇಪ್ರಾಮ್ (ಕರೆಂಟ್ ಇಲ್ದೆನೂ ನೆನಪಿಡೋ ಹಳೇ ಥರದ ಮೆಮೊರಿ) ಬರತ್ತಲ್ಲ, ಅದೇ ಸಾಕಾಗಲ್ವಾ ಅಂತ ತಿಳಿದೋರು ಕೇಳ್ತಾರೆ. ಕೇಳ್ಬೇಕಾದ ಪ್ರಶ್ನೇನೇ. ಇಇಪ್ರಾಮ್ ಆಗ್ಲಿ, ಪೆನ್‌ಡ್ರೈವ್ ಎಸ್‌ಡಿ ಕಾರ್ಡಲ್ಲಿರೋ ಫ್ಲ್ಯಾಶ್ ಆಗ್ಲಿ, ಎರಡೂ ಕೆಲ್ಸ ಮಾಡೋದು ಒಂದೇ ತತ್ವದ ಮೇಲೆ. ಸುತ್ತ ಇನ್ಸುಲೇಟರ್ ಇರೋ ಒಂದು ಚಿಕ್ಕ ಪದರಕ್ಕೆ ಜಾಸ್ತಿ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳನ್ನ ಬಲವಂತವಾಗಿ ಒಳಗೆ ನುಗ್ಗಿಸೋದು, ಅವು ಅಲ್ಲೇ ಸಿಕ್ಕಿಬಿದ್ದಿರತ್ವೆ, ಕರೆಂಟ್ ಇಲ್ದಿದ್ರೂ ವರ್ಷಗಟ್ಲೆ. ನುಗ್ಗಿಸೋಕೆ ಬೇಕಾದ ಜಾಸ್ತಿ ವೋಲ್ಟೇಜನ್ನ ಚಿಪ್ ಒಳಗೇ ಒಂದು ಪಂಪ್ ಸರ್ಕ್ಯೂಟ್ ತಯಾರಿಸತ್ತೆ, ಅದಕ್ಕೆ ಟೈಮೂ ಬೇಕು ಪವರೂ ಬೇಕು, ಒಂದು ಸಲ ಬರೆಯೋಕೆ 5 ರಿಂದ 10 ಮಿಲಿಸೆಕೆಂಡ್. ನುಗ್ಗಿಸಿ ನುಗ್ಗಿಸಿ ಆ ಇನ್ಸುಲೇಟರ್ ಸವೆಯತ್ತೆ, ಈ ಇಇಪ್ರಾಮ್‌ಗೆ ಒಂದೇ ಜಾಗದಲ್ಲಿ 10 ಲಕ್ಷ ಸಲ ಬರೆಯೋವರೆಗೆ ಗ್ಯಾರಂಟಿ. 10 ಲಕ್ಷ ತುಂಬಾ ಅನ್ಸತ್ತೆ. ನನ್ ಲಾಗರ್ ನಿಮಿಷಕ್ಕೊಂದ್ಸಲ "ಬದುಕಿದ್ದೀನಿ, ಈಗ ಇಷ್ಟು ಟಿಕ್ ಆಗಿದೆ" ಅಂತ ಒಂದೇ ಜಾಗದಲ್ಲಿ ಬರೀತದೆ, ವರ್ಷಕ್ಕೆ 5,25,600 ಸಲ ಆಯ್ತು, ಎರಡು ವರ್ಷ ತುಂಬೋ ಮುಂಚೇನೇ ಗ್ಯಾರಂಟಿ ಖಲಾಸ್. ಜಾಗ ಬದಲಾಯಿಸ್ತಾ ಬರೀಬೋದು, ಕೋಡಲ್ಲಿ ಅದಕ್ಕೆ ದಾರಿ ಇದೆ, ನಾನೂ ಒಂದು ಕಾಲದಲ್ಲಿ ಬರೀತಿದ್ದೆ, ಆದ್ರೆ ಆ ತಲೆನೋವು ಯಾಕೆ.

ಎಫ್‌ರ್ಯಾಮಲ್ಲಿ ಎಲೆಕ್ಟ್ರಾನ್ ನುಗ್ಗಿಸೋ ಕಥೆಯೇ ಇಲ್ಲ. ಅಲ್ಲಿರೋದು ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿರೋ ಒಂದು ಆಕ್ಸೈಡಿನ ತೆಳು ಪದರ, ಪಿಝಡ್‌ಟಿ ಅಂತಾರೆ. ಅದ್ರ ಹರಳಿನ ನಡುಮಧ್ಯೆ ಇರೋ ಅಯಾನು ವೋಲ್ಟೇಜ್ ಕೊಟ್ಟ ದಿಕ್ಕಿಗೆ ಒಂಚೂರು ಜರುಗಿ ಅಲ್ಲೇ ಕೂತ್ಬಿಡತ್ತೆ, ವೋಲ್ಟೇಜ್ ತೆಗೆದ್ರೂ ವಾಪಸ್ ಬರಲ್ಲ. ಮೇಲಿದ್ರೆ ಒಂದು, ಕೆಳಗಿದ್ರೆ ಸೊನ್ನೆ. ಅಷ್ಟೇ. ಪಂಪ್ ಬೇಡ, ಕಾಯೋದು ಬೇಡ, ತಂತಿ ಮೇಲೆ ಬೈಟ್ ಬಂದು ತಲುಪೋ ಹೊತ್ತಿಗೆ ಬರೆದಾಗಿರತ್ತೆ. ನಿಮಿಷಕ್ಕೊಂದ್ಸಲ ಬರೆಯೋ ನನ್ ಆ ರೆಕಾರ್ಡ್ 8 ಬೈಟು, ಅಡ್ರೆಸ್ ಎಲ್ಲ ಸೇರಿ ಸುಮಾರು 100 ಬಿಟ್, 400 ಕಿಲೋಹರ್ಟ್ಸ್ ಸ್ಪೀಡಲ್ಲಿ ಕಾಲು ಮಿಲಿಸೆಕೆಂಡಲ್ಲಿ ಮುಗೀತು. ಕರೆಂಟ್ ಹೋಗೋ ಗಳಿಗೇಲಿ ಬರೀತಿರೋ ಚಾನ್ಸ್ ಎಷ್ಟು ಕಮ್ಮಿ ಆಯ್ತು ನೋಡಿ. ಬಾಳಿಕೆ 10ರ ಮೇಲೆ 12 ಘಾತ, ನಮ್ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ಸಲ. ಇದ್ರಲ್ಲಿ ಓದಿದ್ದೂ ಲೆಕ್ಕಕ್ಕೆ ಬರತ್ತೆ, ಯಾಕಂದ್ರೆ ಓದ್ಬೇಕಾದ್ರೆ ಇದ್ದಿದ್ದು ಅಳಿಸಿ ಹೋಗತ್ತೆ, ಚಿಪ್ಪೇ ತಕ್ಷಣ ತಿರುಗಿ ಬರೆದುಕೊಳ್ಳತ್ತೆ, ನಮ್ಗೆ ಗೊತ್ತೂ ಆಗಲ್ಲ. ಸೆಕೆಂಡಿಗೊಂದ್ಸಲ ಬರೆದ್ರೂ ಸಾವಿರಾರು ವರ್ಷ ಆಗತ್ತೆ, ಅಷ್ಟೊತ್ತಿಗೆ ತೋಟ ಯಾರ ಹೆಸ್ರಲ್ಲಿರತ್ತೋ. 85 ಡಿಗ್ರಿ ಶಾಖದಲ್ಲಿಟ್ರೂ 10 ವರ್ಷ ಡೇಟಾ ಉಳಿಯತ್ತೆ ಅಂತ ಡೇಟಾಶೀಟ್ ಹೇಳತ್ತೆ, ನಾಪೋಕ್ಲಲ್ಲಿ 85 ಡಿಗ್ರಿ ಆಗೋದು ಕಾಫಿ ಕಾಸೋ ಪಾತ್ರೆಲಿ ಮಾತ್ರ.

ಕಳೆದ ಮಳೆಗಾಲ ಪೂರ್ತಿ ಇದನ್ನ ಕಣದ ಅಂಚಲ್ಲಿ ನಿಲ್ಲಿಸಿದ್ದೆ. ಬ್ಯಾಟರಿ ಮಧ್ಯದಲ್ಲಿ ಸತ್ತಿದ್ದೂ ಇದೆ, ಬೇಕಂತ್ಲೇ ಮಳೆ ಜೋರಾಗಿ ಬೀಳ್ತಿರ್ಬೇಕಾದ್ರೆ ಕೊಡೆ ಹಿಡ್ಕೊಂಡು ಹೋಗಿ ಸೆಲ್ ಕಿತ್ತಿದ್ದೂ ಇದೆ, ಕಾಲಿಗೆ ಜಿಗಣೆ ಹತ್ತಿಸ್ಕೊಂಡು. ವಾಪಸ್ ಸೆಲ್ ಹಾಕಿದ್ರೆ ಕಿತ್ತ ನಿಮಿಷದವರೆಗಿನ ಲೆಕ್ಕ ಹಾಗ್ಗಾಗೇ ಇತ್ತು, ಒಂದು ಟಿಕ್ಕೂ ಆಚೀಚೆ ಇಲ್ಲ. ಆದ್ರೂ ಒಂದು ಎಚ್ಚರ ಹೇಳ್ತೀನಿ, ಎಫ್‌ರ್ಯಾಮ್ ಅಂತ ಕಣ್ಮುಚ್ಚಿ ಬರೆಯೋಕೆ ಹೋಗ್ಬೇಡಿ. 8 ಬೈಟಲ್ಲಿ ಐದು ಹೋಗಿ ಮೂರು ಉಳಿದಾಗ ಕರೆಂಟ್ ಕಟ್ ಆದ್ರೆ ಆ ಐದು ಹೊಸದು, ಮೂರು ಹಳೇದು, ಕಲಸುಮೇಲೋಗರ. ಕೌಂಟರನ್ನ ಎರಡು ಜಾಗದಲ್ಲಿ ಒಂದಾದ್ಮೇಲೊಂದು ಬರೀರಿ, ಎರಡಕ್ಕೂ ಡೇಟಾ ಕೆಟ್ಟಿದ್ಯಾ ಅಂತ ಹೇಳೋ ಚೆಕ್‌ಸಮ್ ಹಾಕಿ, ಆನ್ ಆದಾಗ ಯಾವ್ದು ಸರಿ ಇದೆ ನೋಡಿ ಅದನ್ನ ತಗೊಳ್ಳಿ. ಹತ್ತು ಲೈನ್ ಕೋಡ್ ಅಷ್ಟೇ.

ಈಗ ಜಾಗದ ವಿಷ್ಯ, ಇಲ್ಲೇ ಬೇರೆ ಊರಿನ ರಿವ್ಯೂಗಳೆಲ್ಲ ನಮ್ಗೆ ಉಪಯೋಗಕ್ಕೆ ಬರಲ್ಲ. ಪ್ರತಿ ಟಿಕ್‌ಗೂ ಟೈಮ್ ಬರೆದಿಡೋಣ ಅಂತ 4 ಬೈಟ್ ಲೆಕ್ಕ ಹಾಕಿದ್ರೆ 32 ಕೆಬಿಗೆ 8,192 ಟಿಕ್ ಹಿಡಿಯತ್ತೆ. 127ರಿಂದ ಭಾಗಿಸಿ, 64 ಇಂಚು ಮತ್ತೊಂಚೂರು. ಬಯಲುಸೀಮೆಯೋರಿಗೆ ಇದು ಎರಡು ಮೂರು ವರ್ಷದ ಮಳೆ, ಅವ್ರು ಮರ್ತೇ ಹೋಗ್ಬೋದು. ಭಾಗಮಂಡಲ ಕಡೆ ಒಂದು ಜೋರು ಜುಲೈಗೆ ಇದು ತುಂಬ್ಬಿಟ್ರೂ ಆಶ್ಚರ್ಯ ಇಲ್ಲ. ಹಾಗಾಗಿ ನಾನು ಟಿಕ್ ಟಿಕ್‌ಗೂ ಟೈಮ್ ಬರೆಯೋದು ಬಿಟ್ಟು 15 ನಿಮಿಷಕ್ಕೆ ಎಷ್ಟು ಟಿಕ್ ಅಂತ ಒಂದೇ ಬೈಟಲ್ಲಿ ಬರೆಯೋ ಹಾಗೆ ಮಾಡಿದೆ. ಒಂದು ಬೈಟಿಗೆ 255ರವರೆಗೆ ಹಿಡಿಯತ್ತೆ, ಅಂದ್ರೆ 15 ನಿಮಿಷಕ್ಕೆ 51 ಮಿ.ಮೀ, ಎರಡಿಂಚು. ಕಾಲು ಗಂಟೇಲಿ ಎರಡಿಂಚು ಬಿದ್ರೆ ಬೈಟ್ ಚಿಂತೆ ಆಮೇಲೆ, ಮೊದ್ಲು ಮನೆ ಬಿಟ್ಟು ಮೇಲಕ್ಕೆ ಓಡ್ಬೇಕು. ದಿನಕ್ಕೆ 96 ಬೈಟು, 32 ಕೆಬಿಗೆ 341 ದಿನ. ಪೂರ್ತಿ ವರ್ಷಕ್ಕೆ ಸ್ವಲ್ಪ ಕಮ್ಮಿ ಬೀಳತ್ತೆ, ಹಾಗಾಗಿ ವರ್ಷಕ್ಕೆ ಎರಡ್ಸಲ, ಮಳೆಗಾಲಕ್ಕೆ ಮುಂಚೆ ಒಂದ್ಸಲ, ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಒಂದ್ಸಲ ಲ್ಯಾಪ್‌ಟಾಪ್ ಚುಚ್ಚಿ ಖಾಲಿ ಮಾಡಿದ್ರೆ ಸಾಕು.

ಇನ್ನೂ ಜಾಗ ಬೇಕು ಅನ್ನೋರು ಒಂದೇ ತಂತಿಗೆ ಇಂಥ ಎಂಟು ಬೋರ್ಡ್ ಹಾಕ್ಬೋದು, ಅಡ್ರೆಸ್ ಹೆಕ್ಸ್ 50ರಿಂದ 57ರವರೆಗೆ, ಎ0 ಎ1 ಎ2 ಅಂತ ಮೂರು ಪಿನ್ನಿದೆ. ಬೋರ್ಡ್ ಮಾರೋರು ಹೇಳದ ಒಂದು ವಿಷ್ಯ, ಡಿಎಸ್3231 ಮಾಡ್ಯೂಲಿನ ಆ ಫ್ರೀ ಇಇಪ್ರಾಮ್ 57ನೇ ಅಡ್ರೆಸಲ್ಲಿ ಕೂತಿರತ್ತೆ, ಹಾಗಾಗಿ ಎಂಟನೇದು ಹಾಕಿದ್ರೆ ಎರಡೂ ಒಟ್ಟಿಗೆ ಮಾತಾಡೋಕೆ ಶುರು ಮಾಡ್ತವೆ. ಏಳಕ್ಕೆ ನಿಲ್ಲಿಸಿ. ಅಥವಾ ಎಸ್‌ಪಿಐ ಅನ್ನೋ ಬೇರೆ ವೈರಿಂಗ್ ಮಾದರಿದು 4 ಮೆಗಾಬಿಟ್‌ದು, ಅಂದ್ರೆ 512 ಕೆಬಿ, ಅದೂ ಬರತ್ತೆ, ರೇಟ್ ನೋಡಿ ಸುಮ್ನಾದೆ. ಆ ಡಿಎಸ್3231 ಮಾಡ್ಯೂಲಿಗೇ ಇನ್ನೊಂದು ಕಾಯಿಲೆ ಇದೆ, ಅದ್ರ ಮೇಲೆ ರೀಚಾರ್ಜ್ ಆಗೋ ಸೆಲ್ಲಿಗೆ ಅಂತ ಚಾರ್ಜಿಂಗ್ ದಾರಿ ಕೊಟ್ಟಿರ್ತಾರೆ, ನಾವು ಹಾಕೋದು ಮಾಮೂಲಿ ಸಿಆರ್2032, 5 ವೋಲ್ಟ್ ಕೊಟ್ಟು ಓಡಿಸೋರು ಆ ರೆಸಿಸ್ಟರ್ ತೆಗೆದುಬಿಡಿ. ಇದು ಎಫ್‌ರ್ಯಾಮ್ ತಪ್ಪಲ್ಲ, ಎರಡನ್ನೂ ಒಟ್ಟಿಗೆ ತಗೊಳ್ಳೋರು ಜಾಸ್ತಿ ಅಂತ ಹೇಳಿದೆ.

ಪವರ್ ಬಗ್ಗೆ. ಸುಮ್ನೆ ಕೂತಾಗ ಈ ಚಿಪ್ 27 ಮೈಕ್ರೋ ಆಂಪ್ ತಿನ್ನತ್ತೆ, ಕೆಲ್ಸ ಮಾಡ್ಬೇಕಾದ್ರೆ 200ರ ಒಳಗೆ. 27 ಕಮ್ಮಿನೇ, ವರ್ಷಕ್ಕೆ ಲೆಕ್ಕ ಹಾಕಿದ್ರೆ 237 ಮಿಲಿ ಆಂಪ್ ಅವರ್, ಒಂದು ಒಳ್ಳೆ 18650 ಸೆಲ್ಲಿನ ಹತ್ತರಲ್ಲೊಂದು ಪಾಲು. ಆದ್ರೆ ನಿದ್ದೆ ಮಾಡ್ತಿರೋ ಕಂಟ್ರೋಲರ್ ಅದಕ್ಕಿಂತ ಕಮ್ಮಿ ತಿನ್ನತ್ತಲ್ಲ, ಯಜಮಾನನಿಗಿಂತ ಆಳು ಜಾಸ್ತಿ ಊಟ ಮಾಡೋದು ನನ್ಗ್ಯಾಕೋ ಸರಿ ಅನ್ನಿಸ್ಲಿಲ್ಲ. ನೆನಪಿಟ್ಕೊಳ್ಳೋಕೆ ಇದಕ್ಕೆ ಕರೆಂಟೇ ಬೇಡ ಅಂದ್ಮೇಲೆ ಯಾಕೆ ಕೊಡ್ಬೇಕು? ಬೋರ್ಡಿನ ವಿಸಿಸಿಯನ್ನ (ಪವರ್ ಪಿನ್ನು) ಬ್ಯಾಟರಿಗೆ ಕೊಡದೆ ಕಂಟ್ರೋಲರಿನ ಒಂದು ಪಿನ್ನಿಗೆ ಕೊಟ್ಟೆ, ಬರೆಯೋ ಮುಂಚೆ ಆನ್, ಬರೆದಾದ್ಮೇಲೆ ಆಫ್. ಹೀಗೆ ಮಾಡೋರು ಒಂದು ನೋಡ್ಕೊಳ್ಳಿ, ಆಫ್ ಮಾಡಿದಾಗ ಎಸ್‌ಡಿಎ ಎಸ್‌ಸಿಎಲ್ ಅನ್ನೋ ಡೇಟಾ, ಕ್ಲಾಕ್ ತಂತಿಗಳ ಎರಡೂ ಪಿನ್ನನ್ನ ಲೋ (ಸೊನ್ನೆ ವೋಲ್ಟ್) ಮಾಡಿ, ಇಲ್ಲಾಂದ್ರೆ ಆ ತಂತಿಯಿಂದಾನೇ ಕಳ್ಳದಾರೀಲಿ ಚಿಪ್‌ಗೆ ಕರೆಂಟ್ ಹೋಗ್ತಿರತ್ತೆ, ಅತ್ಲಾಗೆ ಆನೂ ಅಲ್ಲ ಇತ್ಲಾಗೆ ಆಫೂ ಅಲ್ಲ. ಗಡಿಯಾರದ ಮಾಡ್ಯೂಲ್ ಅದೇ ತಂತೀಲಿದ್ರೆ ಅದ್ರ ಪವರನ್ನೂ ಒಟ್ಟಿಗೇ ಆಫ್ ಮಾಡ್ಬೇಕು, ಗಡಿಯಾರ ತನ್ನ ಸೆಲ್ಲಲ್ಲಿ ಓಡ್ತಿರತ್ತೆ, ಚಿಂತೆ ಇಲ್ಲ.

ಇದನ್ನ ನಮ್ ಪ್ಲಾಂಟರ್ ಹುಡುಗರ ವಾಟ್ಸಾಪ್ ಗುಂಪಲ್ಲಿ ಹಾಕಿದಾಗ ಸಿದ್ದಾಪುರ ಕಡೆಯ ಒಬ್ರು ಕೇಳಿದ್ರು, "ಅಣ್ಣಾ, ಜಪಾನಲ್ಲಿ ಆಕ್ಸೈಡ್ ಸೆಮಿಕಂಡಕ್ಟರ್ ಮೆಮೊರಿ ಅಂತ ಬಂದಿದ್ಯಂತೆ, ಇನ್ನೂ ಕಮ್ಮಿ ಪವರಂತೆ, ಅದಕ್ಕೆ ಕಾಯ್ಬೋದಲ್ಲ?" ಒಳ್ಳೆ ಪ್ರಶ್ನೆ, ಅವತ್ತು ರಾತ್ರಿ ಕರೆಂಟ್ ಇಲ್ದೆ ಅರ್ಧಕ್ಕೆ ಉತ್ತರ ಕೊಟ್ಟಿದ್ದೆ, ಪೂರ್ತಿ ಇಲ್ಲಿ ಬರೀತೀನಿ. ಎಫ್‌ರ್ಯಾಮಲ್ಲೂ ಆಕ್ಸೈಡ್ ಇದೆ, ಆದ್ರೆ ಅದು ಸೆಮಿಕಂಡಕ್ಟರ್ ಅಲ್ಲ, ಇನ್ಸುಲೇಟರು, ಅದ್ರ ಟ್ರಾನ್ಸಿಸ್ಟರ್ ಎಲ್ಲಾ ಮಾಮೂಲಿ ಸಿಲಿಕಾನ್. ಅವ್ರು ಕೇಳಿದ್ದು ಟ್ರಾನ್ಸಿಸ್ಟರೇ ಆಕ್ಸೈಡಲ್ಲಿ ಮಾಡಿರೋದು. ಇಂಡಿಯಂ, ಗ್ಯಾಲಿಯಂ, ಸತು ಸೇರಿರೋ ಆಕ್ಸೈಡ್, ಇಗ್ಜೋ ಅಂತ ಕರೀತಾರೆ. ಟೋಕಿಯೋದ ಪ್ರೊಫೆಸರ್ ಹಿದೆಯೊ ಹೊಸೊನೊ ಅವ್ರ ತಂಡ 2004ರಲ್ಲಿ ಬಗ್ಗೋ ಪ್ಲಾಸ್ಟಿಕ್ ಹಾಳೆ ಮೇಲೆ ಇದ್ರ ಟ್ರಾನ್ಸಿಸ್ಟರ್ ಮಾಡಿ ತೋರ್ಸಿತ್ತು, 2012ರಲ್ಲಿ ಶಾರ್ಪ್ ಕಂಪ್ನಿ ಇದ್ರಲ್ಲಿ ಡಿಸ್‌ಪ್ಲೇ ಮಾಡೋಕೆ ಶುರು ಮಾಡ್ತು. ಈಗ ಎಲ್‌ಟಿಪಿಓ ಅಂತ ಬರೋ ವಾಚು ಫೋನುಗಳ ಸ್ಕ್ರೀನಲ್ಲಿ ಯಾವಾಗ್ಲೂ ಟೈಮ್ ಕಾಣ್ತಿದ್ರೂ ಬ್ಯಾಟರಿ ಇಳಿಯಲ್ಲ ಅಲ್ವಾ, ಅದ್ರಲ್ಲೂ ಆಕ್ಸೈಡ್ ಟ್ರಾನ್ಸಿಸ್ಟರಿನ ಕೈವಾಡ ಇದೆ. ಒಂದ್ಸಲ ಬರೆದ ಚಿತ್ರ ಸೋರಿ ಹೋಗಲ್ಲ, ಹಾಗಾಗಿ ಸೆಕೆಂಡಿಗೆ 60 ಸಲ ಬರೆಯೋ ಬದ್ಲು ಒಂದ್ಸಲ ಬರೆದ್ರೂ ನಡೆಯತ್ತೆ.

ಆ ಸೋರದೇ ಇರೋ ಗುಣಾನೇ ಮೆಮೊರಿಗೂ ಬೇಕಾಗಿರೋದು. ಕಂಪ್ಯೂಟರಿನ ಡಿರ್ಯಾಮ್ ಅನ್ನೋದು ತೂತು ಕೊಡ ಇದ್ದ ಹಾಗೆ, ತುಂಬಿಸಿಟ್ಟ ಚಾರ್ಜು ಸಿಲಿಕಾನ್ ಟ್ರಾನ್ಸಿಸ್ಟರ್ ಆಫ್ ಇದ್ರೂ ಸೋರ್ತಾನೇ ಇರತ್ತೆ, ಅದಕ್ಕೆ 64 ಮಿಲಿಸೆಕೆಂಡಿಗೊಂದ್ಸಲ ಎಲ್ಲಾನೂ ಓದಿ ತಿರುಗಿ ತುಂಬಿಸ್ಬೇಕು, ಸುಮ್ನೆ ಕೂತಾಗ್ಲೂ ಪವರ್ ತಿನ್ನೋದು ಅದಕ್ಕೇ. ಇಗ್ಜೋದ ಬ್ಯಾಂಡ್‌ಗ್ಯಾಪ್ (ಎಲೆಕ್ಟ್ರಾನ್ ಹರಿಯೋಕೆ ದಾಟ್ಬೇಕಾದ ಶಕ್ತಿಯ ಅಂತರ) 3 ಎಲೆಕ್ಟ್ರಾನ್ ವೋಲ್ಟ್‌ಗಿಂತ ಜಾಸ್ತಿ, ಸಿಲಿಕಾನಿಂದು 1.1, ಹಾಗಾಗಿ ಆಫ್ ಅಂದ್ರೆ ನಿಜವಾಗ್ಲೂ ಆಫ್. ಜಪಾನಿನ ಸೆಮಿಕಂಡಕ್ಟರ್ ಎನರ್ಜಿ ಲ್ಯಾಬೊರೇಟರಿ ಅನ್ನೋ ಕಂಪ್ನಿ ಈ ಸೋರಿಕೇನ ಯೋಕ್ಟೋ ಆಂಪಿಯರ್ ಲೆಕ್ಕದಲ್ಲಿ ಅಳೆದಿದೆ. ಒಂದು ಯೋಕ್ಟೋ ಆಂಪಿಯರ್ ಅಂದ್ರೆ ಏನು ಅಂತ ನಾನೂ ಕೂತು ಲೆಕ್ಕ ಹಾಕ್ದೆ, ಸುಮಾರು 44 ಗಂಟೆಗೆ ಒಂದೇ ಒಂದು ಎಲೆಕ್ಟ್ರಾನ್! ಅವ್ರು ಇದ್ರಲ್ಲಿ ಮಾಡಿದ ಮೆಮೊರಿಗೆ ನಾಸ್‌ರ್ಯಾಮ್ ಅಂತ ಹೆಸ್ರಿಟ್ಟಿದ್ದಾರೆ. ಆಕ್ಸೈಡ್ ಟ್ರಾನ್ಸಿಸ್ಟರ್ ಬಾಗ್ಲು ತೆಗೆದು ಚಾರ್ಜನ್ನ ಇನ್ನೊಂದು ಟ್ರಾನ್ಸಿಸ್ಟರಿನ ಗೇಟ್ ಮೇಲೆ ಕೂರಿಸಿ ಬಾಗ್ಲು ಹಾಕತ್ತೆ, ಓದ್ಬೇಕಾದ್ರೆ ಆ ಎರಡನೇ ಟ್ರಾನ್ಸಿಸ್ಟರ್ ಆನ್ ಇದ್ಯಾ ಇಲ್ವಾ ನೋಡಿದ್ರಾಯ್ತು, ಓದಿದ್ರೆ ಅಳಿಸಿ ಹೋಗೋ ಪ್ರಶ್ನೆ ಇಲ್ಲ. ಫ್ಲ್ಯಾಶ್ ಥರ ಇನ್ಸುಲೇಟರ್ ಮೂಲಕ ನುಗ್ಗಿಸೋದೂ ಇಲ್ಲ, ಹಾಗಾಗಿ ಅದು ಸವೆಯೋದೂ ಇಲ್ಲ, ಜಾಸ್ತಿ ವೋಲ್ಟೇಜೂ ಬೇಡ. ಬೆಲ್ಜಿಯಂನ ಐಮೆಕ್ ಸಂಸ್ಥೆ 2020ರಲ್ಲಿ ಕೆಪಾಸಿಟರೇ ಇಲ್ಲದ, ಎರಡು ಇಗ್ಜೋ ಟ್ರಾನ್ಸಿಸ್ಟರಿನ ಡಿರ್ಯಾಮ್ ಸೆಲ್ ತೋರಿಸ್ತು, ಅದು 400 ಸೆಕೆಂಡಿಗಿಂತ ಜಾಸ್ತಿ ಹೊತ್ತು ಹಿಡ್ಕೊಂಡಿತ್ತು. 64 ಮಿಲಿಸೆಕೆಂಡಿಗೆ ಹೋಲಿಸಿ ನೋಡಿ, ಆರು ಸಾವಿರ ಪಟ್ಟಿಗಿಂತ ಮೇಲೆ.

ಓದೋಕೆ ಬಾಯಲ್ಲಿ ನೀರು ಬರತ್ತೆ ನಿಜ. ಆದ್ರೆ 400 ಸೆಕೆಂಡು ಡಿರ್ಯಾಮಿಗೆ ದೊಡ್ಡದು, ಮಳೆ ಮಾಪಕಕ್ಕೆ ಏಳು ನಿಮಿಷ ಕೂಡ ಆಗ್ಲಿಲ್ಲ. ಈ ತಂತ್ರಜ್ಞಾನದ ಕಣ್ಣಿರೋದು ದೊಡ್ಡ ಕಂಪ್ಯೂಟರು, ಪ್ರೊಸೆಸರ್ ಮೇಲೇ ಪದರ ಪದರವಾಗಿ ಮೆಮೊರಿ ಕೂರಿಸೋದು, ಅಂಥ ಕಡೆ. ನಾಲ್ಕು ಪಿನ್ನಿನ ಬೋರ್ಡಾಗಿ ಕೊರಿಯರಲ್ಲಿ ಬಂದು ನಮ್ ಕಣದಲ್ಲಿ ನಿಲ್ಲೋ ಐಟಂ ಅಲ್ಲ ಅದು ಸದ್ಯಕ್ಕೆ. ಮುಂದಿನ ಹೂಮಳೆಗೆ ಲಾಗರ್ ಬೇಕು ಅನ್ನೋರು ಎಫ್‌ರ್ಯಾಮ್ ತಗೊಳ್ಳಿ ತಮ್ಮಾ, ಕಾಯ್ಬೇಡಿ.

ಈಗ ಬೈಯೋದು. ಬೋರ್ಡ್ ಬಂದಾಗ ಪಿನ್ನುಗಳು ಬೇರೆ ಕವರಲ್ಲಿ ಬರತ್ತೆ, ನಾವೇ ಸೋಲ್ಡರ್ ಮಾಡ್ಬೇಕು. ಗೋಣಿಕೊಪ್ಪ, ವಿರಾಜಪೇಟೆಲಿ ಮೊಬೈಲ್ ರಿಪೇರಿಯೋರ ಹತ್ರ ತಗೊಂಡೋದ್ರೆ ಐದು ನಿಮಿಷದ ಕೆಲ್ಸ, ಆದ್ರೆ ಇಷ್ಟು ದುಡ್ಡು ತಗೊಂಡು ಅದೊಂದು ಮಾಡಿ ಕಳ್ಸೋಕೆ ಏನು ಕಷ್ಟ. ದುಡ್ಡು ಎಷ್ಟು ಅಂದ್ರೆ ಒಂದು ಕೆಜಿ ಕಾಳುಮೆಣಸಿಗಿಂತ ಜಾಸ್ತಿ, ಎರಡು ಕೆಜಿಗಿಂತ ಕಮ್ಮಿ. ಇನ್ನೂ ಅಗ್ಗಕ್ಕೆ ಸಿಗೋದೆಲ್ಲ ಬೋರ್ಡ್ ಮೇಲೆ ಚಿಪ್ ಹೆಸ್ರು ಉಜ್ಜಿರತ್ತೆ, ಅಂಥದನ್ನ ಮುಟ್ಬೇಡಿ. ಬಂದ ತಕ್ಷಣ ಅಡ್ರೆಸ್ 0ರಲ್ಲಿ ಒಂದು ಸಂಖ್ಯೆ, ಆಮೇಲೆ 8192ರಲ್ಲಿ ಬೇರೆ ಸಂಖ್ಯೆ ಬರೆದು ಪವರ್ ತೆಗೆದು 0ರಲ್ಲಿರೋದನ್ನ ಮತ್ತೆ ಓದಿ ನೋಡಿ, 32 ಕೆಬಿ ಅಂತ ಹೇಳಿ 8 ಕೆಬಿ ಕೊಟ್ಟಿದ್ರೆ ಎರಡನೇದು ಮೊದಲನೇದ್ರ ಮೇಲೇ ಕೂತಿರತ್ತೆ, ಅಲ್ಲೇ ಸಿಕ್ಕಿಬೀಳತ್ತೆ.

ಬೋರ್ಡಿಗೆ ತೇವದಿಂದ ರಕ್ಷಣೆ ಅನ್ನೋದು ಸೊನ್ನೆ. ಇದು ಬೆಂಗಳೂರಲ್ಲಿ ಟೇಬಲ್ ಮೇಲಿಟ್ಟು ಆಡೋರಿಗೆ ಮಾಡಿರೋದು, ನಮ್ ಕಡೆ ಮಳೆಗಾಲದಲ್ಲಿ ಬೀರು ಒಳಗಿನ ಚರ್ಮದ ಬೆಲ್ಟಿಗೇ ಬೂಷ್ಟು ಬರತ್ತೆ. ಡಬ್ಬಿ ಎಷ್ಟೇ ಗಟ್ಟಿ ಮುಚ್ಚಿದ್ರೂ ರಾತ್ರಿ ತಣ್ಣಗಾದಾಗ ಒಳಗೆ ಹನಿ ಕಟ್ಟತ್ತೆ, ಪಿನ್ನುಗಳ ಬುಡದಲ್ಲಿ ಹಸಿರು ಹಿಡಿಯೋಕೆ ಶುರು. ಎಲ್ಲಾ ಟೆಸ್ಟ್ ಮುಗಿದ್ಮೇಲೆ ಚಿಪ್ಪು, ಸೋಲ್ಡರ್ ಎಲ್ಲದ್ರ ಮೇಲೂ ಪಿಸಿಬಿಗೆ ಹಚ್ಚೋ ವಾರ್ನಿಷ್ ಎರಡು ಕೋಟ್ ಹಚ್ಚಿ, ಸಿಕ್ಕಿಲ್ಲಾಂದ್ರೆ ಬಣ್ಣ ಇಲ್ಲದ ನೇಲ್ ಪಾಲಿಶ್ ಆದ್ರೂ ಸೈ, ತಂಗಿದು ಕೇಳ್ದೆ ತಗೊಂಡು ಬೈಸ್ಕೊಳ್ಳಿ. ಡಬ್ಬಿ ಕೆಳಗಡೆಯಿಂದ ತಂತಿ ತಗೊಳ್ಳಿ, ಮೇಲಿಂದ ಬೇಡ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕಕ್ಕಡದಲ್ಲಿ ಒಂದ್ಸಲ ತೆಗೆದು ಒಲೆ ಹತ್ರ ಇಟ್ಟು ಒಣಗಿಸಿ.

ಇನ್ನು ಅಪ್ಪನ ಗ್ಲಾಸಿಗೂ ಇದಕ್ಕೂ ತಾಳೆ ಆಗತ್ತಾ ಅಂತ ಕೇಳ್ತೀರಿ. ಸಣ್ಣ ಮಳೇಲಿ ಎರಡೂ ಹತ್ರ ಹತ್ರ. ಸುರಿಯೋ ಮಳೇಲಿ ಅಪ್ಪಂದೇ ಜಾಸ್ತಿ ತೋರ್ಸತ್ತೆ, ಅಪ್ಪಂದೇ ಸರಿ. ಟಿಪ್ಪಿಂಗ್ ಬಕೆಟ್ ವಾಲೋ ಅಷ್ಟೊತ್ತು ಮೇಲಿಂದ ಬೀಳ್ತಿರೋ ನೀರು ಲೆಕ್ಕಕ್ಕೆ ಸಿಗಲ್ಲ, ಮಳೆ ಜೋರಾದಷ್ಟೂ ಆ ಕೊರತೆ ಜಾಸ್ತಿ. ಇದು ಎಲ್ಲಾ ಟಿಪ್ಪಿಂಗ್ ಬಕೆಟ್‌ಗೂ ಇರೋ ಗುಣ, ಮೆಮೊರಿ ಏನೂ ಮಾಡಕ್ಕಾಗಲ್ಲ, ಬಕೆಟ್ ಕಳ್ಸಿದ್ದನ್ನ ಅದು ಬರ್ಕೊಳ್ಳತ್ತೆ ಅಷ್ಟೇ. ಹಾಗಾಗಿ ನಮ್ಮನೇಲಿ ಒಟ್ಟು ಲೆಕ್ಕಕ್ಕೆ ಪುಸ್ತಕ, ಗಂಟೆ ಲೆಕ್ಕಕ್ಕೆ ಡಬ್ಬಿ. ಬೋರ್ಡೋ ದ್ರಾವಣ (ಮೈಲುತುತ್ತ ಸುಣ್ಣದ ಔಷಧಿ) ಸ್ಪ್ರೇ ಮಾಡಿ ಎಷ್ಟೊತ್ತಿಗೆ ಮಳೆ ಬಿತ್ತು, ಔಷಧಿ ಎಲೆ ಮೇಲೆ ಒಣಗಿತ್ತಾ ಇಲ್ಲ ತೊಳ್ಕೊಂಡು ಹೋಯ್ತಾ ಅಂತ ನೋಡೋಕೆ ಈಗ ಅಪ್ಪಾನೇ "ಆ ನಿನ್ ಡಬ್ಬಿ ಏನ್ ಹೇಳತ್ತೆ ನೋಡೋ" ಅಂತಾರೆ. ಫನಲ್ಲಲ್ಲಿ ಸಿಲ್ವರ್ ಓಕ್ ಎಲೆ ಕೂತ್ರೆ ಮಾತ್ರ ಡಬ್ಬಿ ಏನೂ ಹೇಳಲ್ಲ, ವಾರಕ್ಕೊಂದ್ಸಲ ಕೈ ಹಾಕಿ ತೆಗೀಲೇಬೇಕು.

ಯಾರಿಗೆ ಬೇಡ? ಕ್ಯಾಮೆರಾ ಫೋಟೋ ಉಳಿಸೋರಿಗೆ ಬೇಡ, ಯಾವಾಗ್ಲೂ ಕರೆಂಟು ನೆಟ್ಟು ಎರಡೂ ಇದ್ದು ಡೇಟಾ ಆಗಾಗ್ಗೆ ಆನ್‌ಲೈನ್ ಹೋಗಿಬಿಡೋ ಕಡೆ ಬೇಡ, ಕುಶಾಲನಗರ ಪೇಟೆಲಿರೋರು ಎಸ್‌ಡಿ ಕಾರ್ಡಲ್ಲೇ ಆರಾಮಾಗಿರ್ಬೋದು. ನನ್ ಮಾರ್ಕು 5ಕ್ಕೆ 4. ಒಂದು ಕಟ್ ಮಾಡಿದ್ದು ಸೋಲ್ಡರ್ ಮಾಡದ ಪಿನ್ನಿಗೆ ಅರ್ಧ, ರೇಟಿಗೆ ಅರ್ಧ. ಕೋಡು, ವೈರಿಂಗ್ ಫೋಟೋ ಬೇಕಾದೋರು ಮೇ ತಿಂಗಳ ಒಳಗೆ ಕೇಳಿ, ಜೂನ್ ಮೇಲೆ ಕೇಳಿದ್ರೆ ಟವರ್ ಬಂದಾಗ ಉತ್ತರ ಕೊಡ್ತೀನಿ, ಅದು ಸೆಪ್ಟೆಂಬರ್ ಆದ್ರೂ ಆಗ್ಬೋದು.